ಸೀಟು ಸಿಕ್ಕರೆ ಸಾಕೇ? ಪ್ಯಾರಾಮೆಡಿಕಲ್ ಪದವಿಯ ಬಗ್ಗೆ ಫಾರ್ವರ್ಡ್‌ಗಳು ಹೇಳದ ನಿಯಮಗಳು

ಪಿಯುಸಿ ಫಲಿತಾಂಶ ಬಂದ ಮರುದಿನದಿಂದಲೇ ಒಂದು ಬಗೆಯ ವಾಟ್ಸಾಪ್ ಸಂದೇಶ ಗ್ರೂಪಿನಿಂದ ಗ್ರೂಪಿಗೆ ಓಡಾಡಲು ಶುರುವಾಗುತ್ತದೆ. ನೀಟ್ ಬೇಕಿಲ್ಲ, ಆಸ್ಪತ್ರೆಯಲ್ಲಿ ಕೆಲಸ ಖಚಿತ, ಕೆಲವೇ ಸೀಟು ಬಾಕಿ, ಇಂದೇ ಕರೆ ಮಾಡಿ ಎಂಬ ಧಾಟಿ ಅದರದು. ಮೇಲೆ ಬಿಳಿ ಕೋಟು ತೊಟ್ಟು ಮೈಕ್ರೋಸ್ಕೋಪ್ ನೋಡುತ್ತಿರುವ ಹುಡುಗಿಯ ಚಿತ್ರ, ಕೆಳಗೆ ಒಂದು ಮೊಬೈಲ್ ನಂಬರ್. ಕೆಲವು ಸಂದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ವಿಭಾಗದಲ್ಲಿ ಪಿಯುಸಿ ಓದಿದ್ದರೂ ಸರಿ, ದಿನಾ ಕಾಲೇಜಿಗೆ ಬರಬೇಕಿಲ್ಲ, ಪರೀಕ್ಷೆಗೆ ಬಂದರೆ ಸಾಕು ಎನ್ನುತ್ತವೆ.

ಇದನ್ನು ನಮಗೆ ಕಳಿಸುವವರು ಸಾಮಾನ್ಯವಾಗಿ ನಮ್ಮವರೇ. ಮಾವನೋ ಅತ್ತಿಗೆಯೋ ಹೈಸ್ಕೂಲಿನ ಮೇಷ್ಟ್ರೋ ಇರುತ್ತಾರೆ. ಯಾರದೋ ಮನೆಯ ಮಗುವಿಗೆ ಒಳ್ಳೆಯದಾಗಲಿ ಎಂಬುದಷ್ಟೇ ಅವರ ಉದ್ದೇಶ. ಸಂದೇಶದಲ್ಲಿರುವುದೆಲ್ಲ ಸುಳ್ಳೂ ಅಲ್ಲ. ಹಾಗಾಗಿಯೇ ಅದನ್ನು ಅನುಮಾನಿಸುವುದು ಕಷ್ಟ.

ಇಂಥ ಸಂದೇಶಗಳ ಒಂದೊಂದು ಮಾತನ್ನೂ ನಿಯಮದ ಪಕ್ಕ ಇಟ್ಟು ನೋಡಿದಾಗ ನಮಗೆ ಕಂಡದ್ದು ಇದು: ಆರೋಗ್ಯ ವಿಜ್ಞಾನದ ಪದವಿಗೆ ಮೂರು ಬಾಗಿಲುಗಳಿವೆ. ಮೊದಲನೆಯದು ಪ್ರವೇಶ. ಎರಡನೆಯದು ಒಂದು ವರ್ಷದಿಂದ ಮುಂದಿನ ವರ್ಷಕ್ಕೆ ದಾಟುವುದು. ಮೂರನೆಯದು ಓದು ಮುಗಿದ ಮೇಲೆ ವೃತ್ತಿಪರರ ರಿಜಿಸ್ಟರ್‌ನಲ್ಲಿ ಹೆಸರು ದಾಖಲಾಗುವುದು. ಫಾರ್ವರ್ಡ್‌ಗಳು ಮಾತಾಡುವುದು ಮೊದಲ ಬಾಗಿಲಿನ ಬಗ್ಗೆ ಮಾತ್ರ. ಆದರೆ ಮಕ್ಕಳ ವರ್ಷಗಳೂ ಮನೆಯವರ ಹಣವೂ ಹೆಚ್ಚಾಗಿ ಕಳೆದುಹೋಗುವುದು ಉಳಿದ ಎರಡು ಬಾಗಿಲುಗಳ ಹತ್ತಿರ.

ಮೊದಲಿಗೆ, ಇದು ಯಾವ ಪದವಿ?

ನಾವು ರೂಢಿಯಲ್ಲಿ ಪ್ಯಾರಾಮೆಡಿಕಲ್ ಎನ್ನುವ ಕೋರ್ಸ್‌ಗಳನ್ನು ವಿಶ್ವವಿದ್ಯಾಲಯಗಳು ಅಲೈಡ್ ಹೆಲ್ತ್ ಸೈನ್ಸಸ್ ಎಂದು ಕರೆಯುತ್ತವೆ. ರಕ್ತ, ಮೂತ್ರದ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನಾಲಜಿ, ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ನೋಡಿಕೊಳ್ಳುವ ಇಮೇಜಿಂಗ್ ಟೆಕ್ನಾಲಜಿ, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಮತ್ತು ಅನಸ್ತೇಷಿಯಾ, ರೇಡಿಯೋಥೆರಪಿ, ಆಪ್ಟೋಮೆಟ್ರಿ ಹೀಗೆ ಪಟ್ಟಿ ಉದ್ದವಿದೆ. ಫಿಸಿಯೋಥೆರಪಿಗೆ ಬಿಪಿಟಿ ಎಂಬ ಪ್ರತ್ಯೇಕ ಪದವಿಯೇ ಇದೆ. ಕರ್ನಾಟಕದಲ್ಲಿ ಇಂಥ ಹೆಚ್ಚಿನ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿ ಬರುತ್ತವೆ. ಕೆಲವು ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳೂ ಈ ಪದವಿ ಕೊಡುತ್ತವೆ.

ಇದರ ಪಕ್ಕದಲ್ಲೇ ಡಿಪ್ಲೊಮಾ ಕೋರ್ಸ್‌ಗಳೂ ಇವೆ. ರಾಜ್ಯ ಸರ್ಕಾರದ ಪ್ಯಾರಾಮೆಡಿಕಲ್ ಬೋರ್ಡ್ ನಡೆಸುವ ಈ ಕೋರ್ಸ್‌ಗಳಿಗೆ ಎಸ್ಸೆಸ್ಸೆಲ್ಸಿ ಮುಗಿಸಿದವರೂ ಸೇರಬಹುದು. ಫಾರ್ವರ್ಡ್‌ಗಳಲ್ಲಿ ಆಗುವ ಮೊದಲ ಗೊಂದಲ ಇದೇ. ಡಿಪ್ಲೊಮಾದ ಅರ್ಹತೆಯನ್ನು ಹೇಳಿ ಡಿಗ್ರಿಯ ಹೆಸರು ಬರೆದಿರುತ್ತಾರೆ. ಎಸ್ಸೆಸ್ಸೆಲ್ಸಿ ಆದ ಮೇಲೆ ನೇರವಾಗಿ ಬಿಎಸ್ಸಿ ಎಂದು ಯಾರಾದರೂ ಹೇಳಿದರೆ ಅದು ಡಿಪ್ಲೊಮಾ ಆಗಿರಬೇಕು ಅಥವಾ ಮೋಸ ಆಗಿರಬೇಕು. ಪಿಯುಸಿ ಅಥವಾ ಅದಕ್ಕೆ ಸಮಾನವಾದ ಓದು ಇಲ್ಲದೆ ಪದವಿ ಇಲ್ಲ.

ಮೊದಲ ಬಾಗಿಲು: ಪ್ರವೇಶ

"ನೀಟ್ ಬೇಕಿಲ್ಲ" ಎಂಬ ಮಾತನ್ನು ಮೊದಲು ನೋಡೋಣ. ಎಂಬಿಬಿಎಸ್, ಬಿಡಿಎಸ್, ಆಯುರ್ವೇದ, ಹೋಮಿಯೋಪಥಿಗೆ ನೀಟ್ ಕಡ್ಡಾಯ. ಲ್ಯಾಬ್, ಇಮೇಜಿಂಗ್, ಡಯಾಲಿಸಿಸ್‌ನಂಥ ಬಿಎಸ್ಸಿಗಳಿಗೆ ಬಹುಕಾಲದಿಂದ ಪಿಯುಸಿ ಅಂಕದ ಮೇಲೆಯೇ ಸೀಟು ಕೊಡುತ್ತ ಬಂದಿದ್ದಾರೆ. ಅಲ್ಲಿಗೆ ಮಾತು ನಿಜ. ಆದರೆ ಇದು ಎಲ್ಲ ಕೋರ್ಸ್‌ಗೂ, ಎಲ್ಲ ಕಾಲಕ್ಕೂ ನಿಜವಲ್ಲ. ಕೇಂದ್ರ ಸರ್ಕಾರ 2025ರಲ್ಲಿ ಹಲವು ಅಲೈಡ್ ಹೆಲ್ತ್ ಕೋರ್ಸ್‌ಗಳಿಗೆ ಏಕರೂಪದ ಪಠ್ಯಕ್ರಮ ಹೊರತಂದಾಗ ಫಿಸಿಯೋಥೆರಪಿ ಪ್ರವೇಶಕ್ಕೆ ನೀಟ್ ಅನ್ನು ಸೇರಿಸಿತು. ಎರಡು ವರ್ಷದ ಹಿಂದೆ ಪಕ್ಕದ ಮನೆಯ ಹುಡುಗನಿಗೆ ಅನ್ವಯಿಸಿದ ನಿಯಮ ಈ ವರ್ಷ ನಿಮ್ಮ ಮಗಳಿಗೆ ಅನ್ವಯಿಸದೇ ಇರಬಹುದು. ಹಳೆಯ ಫಾರ್ವರ್ಡ್‌ಗೆ ದಿನಾಂಕ ಇರುವುದಿಲ್ಲ. ಪ್ರವೇಶದ ನಿಯಮಕ್ಕೆ ಮಾತ್ರ ವರ್ಷ ಇದ್ದೇ ಇರುತ್ತದೆ. ನೀವು ಸೇರುವ ವರ್ಷದ ಅಧಿಸೂಚನೆಯನ್ನೇ ನೋಡಬೇಕು.

ಎರಡನೆಯದು, "ಯಾವ ವಿಭಾಗವಾದರೂ ಸರಿ" ಎಂಬುದು. ಲ್ಯಾಬ್, ಡಯಾಲಿಸಿಸ್, ಇಮೇಜಿಂಗ್, ಆಪರೇಷನ್ ಥಿಯೇಟರ್‌ನಂಥ ಕೋರ್ಸ್‌ಗಳಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ವಾಣಿಜ್ಯ ಅಥವಾ ಕಲಾ ವಿಭಾಗದಲ್ಲಿ ಎಷ್ಟೇ ಹೆಚ್ಚು ಅಂಕ ಬಂದಿದ್ದರೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮೀಸಲಾತಿ ಇರುವವರಿಗೆ ಅಂಕದ ಮಿತಿಯಲ್ಲಿ ರಿಯಾಯಿತಿ ಇರುತ್ತದೆಯೇ ಹೊರತು ಓದಿರಬೇಕಾದ ವಿಷಯದಲ್ಲಿ ಅಲ್ಲ. ಕಾಲೇಜು ಸೇರಿಸಿಕೊಂಡಿತು ಎಂದ ಮಾತ್ರಕ್ಕೆ ಈ ಪ್ರಶ್ನೆ ಮುಗಿಯುವುದೂ ಇಲ್ಲ. ಸೇರಿದವರ ದಾಖಲೆಗಳು ವಿಶ್ವವಿದ್ಯಾಲಯಕ್ಕೆ ಹೋಗುತ್ತವೆ. ಅರ್ಹತೆ ಇಲ್ಲ ಎಂದು ಅಲ್ಲಿ ಗೊತ್ತಾದರೆ ಪ್ರವೇಶಕ್ಕೆ ಒಪ್ಪಿಗೆ ಸಿಗುವುದಿಲ್ಲ, ಪರೀಕ್ಷೆಗೆ ಹಾಲ್ ಟಿಕೆಟ್ ಬರುವುದಿಲ್ಲ. ಅಷ್ಟು ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ, ಫೀಸು ಕಟ್ಟಿ ಆಗಿರುತ್ತದೆ.

ಮೂರನೆಯದು, "ಡಿಪ್ಲೊಮಾ ಮಾಡಿದ್ದರೆ ನೇರ ಎರಡನೇ ವರ್ಷಕ್ಕೆ". ಲ್ಯಾಟರಲ್ ಎಂಟ್ರಿ ಎಂಬ ಈ ವ್ಯವಸ್ಥೆ ನಿಜವಾಗಿಯೂ ಇದೆ. ಆದರೆ ಅದಕ್ಕೆ ಷರತ್ತುಗಳಿವೆ. ಡಿಪ್ಲೊಮಾ ಸರ್ಕಾರಿ ಬೋರ್ಡ್‌ನದ್ದಾಗಿರಬೇಕು, ವಿಶ್ವವಿದ್ಯಾಲಯ ಅದನ್ನು ಮಾನ್ಯ ಮಾಡಿರಬೇಕು, ಡಿಪ್ಲೊಮಾದಲ್ಲಿ ಓದಿದ ವಿಷಯದಲ್ಲೇ ಡಿಗ್ರಿ ಓದಬೇಕು. ಲ್ಯಾಬ್ ಡಿಪ್ಲೊಮಾ ಮಾಡಿ ಡಯಾಲಿಸಿಸ್ ಡಿಗ್ರಿಯ ಎರಡನೇ ವರ್ಷಕ್ಕೆ ಹಾರಲು ಆಗುವುದಿಲ್ಲ. ಯಾವುದೋ ಖಾಸಗಿ ಸಂಸ್ಥೆ ಆರು ತಿಂಗಳಲ್ಲಿ ಕೊಟ್ಟ ಸರ್ಟಿಫಿಕೇಟ್ ಇಲ್ಲಿ ನಡೆಯುವುದಿಲ್ಲ.

ನಾಲ್ಕನೆಯದೇ ಎಲ್ಲಕ್ಕಿಂತ ಅಪಾಯದ್ದು: "ಕಾಲೇಜಿಗೆ ಬರಬೇಕಿಲ್ಲ, ಡಿಸ್ಟೆನ್ಸ್‌ನಲ್ಲಿ ಬಿಎಸ್ಸಿ ಎಂಎಲ್‌ಟಿ". ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸ್‌ಗಳಿಗೆ ಯುಜಿಸಿ 2020ರಲ್ಲಿ ಮಾಡಿದ ನಿಯಮಾವಳಿಯಲ್ಲಿ ಈ ಕ್ರಮದಲ್ಲಿ ಕಲಿಸಬಾರದ ವಿಷಯಗಳ ಪಟ್ಟಿಯೇ ಇದೆ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿಗಳ ಜೊತೆಗೆ ಫಿಸಿಯೋಥೆರಪಿ ಮತ್ತು ಇತರ ಪ್ಯಾರಾಮೆಡಿಕಲ್ ವಿಷಯಗಳೂ ಅದರಲ್ಲಿವೆ. 2025ರಲ್ಲಿ ಯುಜಿಸಿ ಇದನ್ನು ಇನ್ನಷ್ಟು ಬಿಗಿ ಮಾಡಿತು. ಮನಶ್ಶಾಸ್ತ್ರ, ಆಹಾರ ಮತ್ತು ಪೋಷಣಾ ವಿಜ್ಞಾನ, ಸೂಕ್ಷ್ಮಜೀವಶಾಸ್ತ್ರ ಸೇರಿದಂತೆ ಅಲೈಡ್ ಹೆಲ್ತ್ ಕಾಯ್ದೆಯ ವ್ಯಾಪ್ತಿಗೆ ಬರುವ ಯಾವ ಕೋರ್ಸನ್ನೂ ಆ ವರ್ಷದ ಜುಲೈ-ಆಗಸ್ಟ್ ಪ್ರವೇಶದಿಂದ ಡಿಸ್ಟೆನ್ಸ್ ಅಥವಾ ಆನ್‌ಲೈನ್‌ನಲ್ಲಿ ಕೊಡಬಾರದು ಎಂದು ವಿಶ್ವವಿದ್ಯಾಲಯಗಳಿಗೆ ತಿಳಿಸಿತು. ಹಾಗಾಗಿ "ಡಿಸ್ಟೆನ್ಸ್ ಪ್ಯಾರಾಮೆಡಿಕಲ್ ಡಿಗ್ರಿ, ಯುಜಿಸಿ ಮಾನ್ಯತೆ ಇದೆ" ಎಂಬ ಸಂದೇಶ ಬಂದರೆ ಹೆಚ್ಚು ಯೋಚಿಸಬೇಕಿಲ್ಲ. ಮುಂದಕ್ಕೆ ಕಳಿಸದೆ ಅಲ್ಲೇ ನಿಲ್ಲಿಸಿ.

ಎರಡನೆಯ ಬಾಗಿಲು: ಮುಂದಿನ ವರ್ಷಕ್ಕೆ ದಾಟುವುದು

ಸೀಟು ಸಿಕ್ಕ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ. ಒಂದು ವರ್ಷದ ನಂತರ ಮಗ ಮೊದಲ ವರ್ಷದಲ್ಲೇ ಉಳಿದುಕೊಂಡ ಎಂದು ಗೊತ್ತಾದಾಗ ಮನೆಯವರಿಗೆ ಅರ್ಥವೇ ಆಗುವುದಿಲ್ಲ. "ಫೀಸು ಪೂರ್ತಿ ಕಟ್ಟಿದ್ದೇವಲ್ಲ" ಎನ್ನುತ್ತಾರೆ. ಫೀಸಿಗೂ ಮುಂದಿನ ವರ್ಷಕ್ಕೆ ಹೋಗುವುದಕ್ಕೂ ಸಂಬಂಧವಿಲ್ಲ. ಅದನ್ನು ತೀರ್ಮಾನಿಸುವ ನಿಯಮಗಳು ಬೇರೆ. ಇವುಗಳ ವಿವರ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತದೆ, ಆದರೆ ಚೌಕಟ್ಟು ಹೆಚ್ಚುಕಡಿಮೆ ಒಂದೇ.

ಮೊದಲನೆಯದು ಹಾಜರಾತಿ. ಆರೋಗ್ಯ ವಿಜ್ಞಾನದ ಕೋರ್ಸ್‌ಗಳಲ್ಲಿ ಇದು ಸಾಮಾನ್ಯವಾಗಿ ಶೇ. 75 ಅಥವಾ ಶೇ. 80. ಎಷ್ಟೋ ಮಕ್ಕಳು ಎಡವುವುದು ಈ ಸಂಖ್ಯೆಯ ಮೇಲಲ್ಲ, ಅದನ್ನು ಲೆಕ್ಕ ಹಾಕುವ ರೀತಿಯ ಮೇಲೆ. ಪ್ರತಿ ವಿಷಯಕ್ಕೆ ಬೇರೆ, ಅದರಲ್ಲೂ ಥಿಯರಿಗೆ ಬೇರೆ, ಪ್ರಾಕ್ಟಿಕಲ್‌ಗೆ ಬೇರೆ ಹಾಜರಾತಿ ನೋಡುತ್ತಾರೆ. ಒಂದು ಉದಾಹರಣೆ ನೋಡೋಣ. ಒಂದು ವಿಷಯದಲ್ಲಿ 60 ಥಿಯರಿ ತರಗತಿ, 60 ಪ್ರಾಕ್ಟಿಕಲ್ ಇವೆ, ಮಿತಿ ಶೇ. 80 ಎಂದುಕೊಳ್ಳಿ. ಒಬ್ಬ ವಿದ್ಯಾರ್ಥಿ ಥಿಯರಿಗೆ ಒಂದೂ ತಪ್ಪಿಸದೆ 60ಕ್ಕೂ ಬಂದ. ಮಧ್ಯಾಹ್ನದ ಪ್ರಾಕ್ಟಿಕಲ್‌ಗಳಲ್ಲಿ 40ಕ್ಕೆ ಮಾತ್ರ ಬಂದ, ಯಾಕೆಂದರೆ ಖರ್ಚಿಗೆಂದು ಒಂದು ಮೆಡಿಕಲ್ ಶಾಪ್‌ನಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಎರಡನ್ನೂ ಕೂಡಿಸಿದರೆ 120ರಲ್ಲಿ 100, ಅಂದರೆ ಶೇ. 83. ತಾನು ಸುರಕ್ಷಿತ ಎಂದು ಅವನು ಅಂದುಕೊಂಡಿರುತ್ತಾನೆ. ಆದರೆ ಪ್ರಾಕ್ಟಿಕಲ್ ಒಂದನ್ನೇ ನೋಡಿದರೆ ಶೇ. 67 ಕೂಡ ಇಲ್ಲ. ಆ ವಿಷಯದ ಪರೀಕ್ಷೆಗೆ ಅವನನ್ನು ಕೂರಿಸುವುದಿಲ್ಲ.

ಎರಡನೆಯದು ಪಾಸ್ ಮಾರ್ಕು. ಇಲ್ಲಿ ಮುಖ್ಯ ವಿಷಯಗಳಲ್ಲಿ ಪಾಸಾಗಲು ಸಾಮಾನ್ಯವಾಗಿ ಶೇ. 50 ಬೇಕು. ಪಿಯುಸಿಯ ಪಾಸ್ ಮಾರ್ಕಿಗಿಂತ ಇದು ಎಷ್ಟೋ ಹೆಚ್ಚು. ಇಲ್ಲಿಯೂ ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಪ್ರತ್ಯೇಕವಾಗಿ ಪಾಸಾಗಬೇಕು. ಥಿಯರಿಯಲ್ಲಿ 80 ತೆಗೆದು ಪ್ರಾಕ್ಟಿಕಲ್‌ನಲ್ಲಿ 45 ತೆಗೆದರೆ, ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಫಲಿತಾಂಶ ಫೇಲ್.

ಮೂರನೆಯದು ಕ್ಯಾರಿ ಓವರ್. ಫೇಲಾದ ವಿಷಯಗಳನ್ನು ಹೊತ್ತುಕೊಂಡು ಮುಂದಿನ ವರ್ಷಕ್ಕೆ ಹೋಗಲು ಬಿಡುವ ನಿಯಮ ಇದು. ಎಂಜಿನಿಯರಿಂಗ್ ಓದಿದ ಅಣ್ಣಂದಿರು "ಬ್ಯಾಕ್‌ಲಾಗ್ ಇದ್ದರೇನು, ಕೊನೆಗೆ ಎಲ್ಲ ಕ್ಲಿಯರ್ ಮಾಡಿದರಾಯಿತು" ಎನ್ನುತ್ತಾರೆ. ಇಲ್ಲಿ ಆ ಸಲುಗೆ ಕಡಿಮೆ. ಒಂದು ಅಥವಾ ಎರಡು ವಿಷಯಕ್ಕಷ್ಟೇ ಅವಕಾಶ ಇರುವುದು ರೂಢಿ. ಜೊತೆಗೆ ಒಂದು ಗಡುವೂ ಇರುತ್ತದೆ. ಹೊತ್ತುಕೊಂಡು ಹೋದ ವಿಷಯ ಪಾಸಾಗದೆ ಆ ವರ್ಷದ ಮುಖ್ಯ ಪರೀಕ್ಷೆಗೆ ಕೂರುವಂತಿಲ್ಲ ಎಂಬಂಥದ್ದು.

ಇದು ಜೀವನದಲ್ಲಿ ಹೇಗೆ ಕಾಣುತ್ತದೆ? ಎರಡು ವಿಷಯಗಳ ಕ್ಯಾರಿ ಓವರ್ ಇರುವ ಒಂದು ಕೋರ್ಸ್ ಎಂದುಕೊಳ್ಳಿ. ವಿದ್ಯಾರ್ಥಿನಿಯೊಬ್ಬಳು ಐದರಲ್ಲಿ ಮೂರು ವಿಷಯ ಫೇಲಾದಳು. ಪೂರಕ ಪರೀಕ್ಷೆಯಲ್ಲಿ ಒಂದು ಪಾಸು ಮಾಡಿಕೊಂಡರೆ ಎರಡು ಉಳಿಯುತ್ತವೆ, ಅವಳು ಎರಡನೇ ವರ್ಷಕ್ಕೆ ದಾಟಬಹುದು. ಒಂದೂ ಆಗದಿದ್ದರೆ ಇಡೀ ವರ್ಷ ಅಲ್ಲೇ. ಗೆಳತಿಯರು ಆಸ್ಪತ್ರೆಯ ವಾರ್ಡ್‌ಗೆ ಹೋಗಲು ಶುರು ಮಾಡಿರುತ್ತಾರೆ, ಅವಳು ಮತ್ತೆ ಅಂಗರಚನಾಶಾಸ್ತ್ರದ ಪುಸ್ತಕ ಹಿಡಿದು ಕೂತಿರುತ್ತಾಳೆ. ಹಾಸ್ಟೆಲ್ ಖರ್ಚು ಒಂದು ವರ್ಷ ಹೆಚ್ಚು. ವಿದ್ಯಾರ್ಥಿವೇತನ ನವೀಕರಣಕ್ಕೆ ಹಿಂದಿನ ವರ್ಷ ಪಾಸಾಗಿರಬೇಕೆಂಬ ಷರತ್ತಿದ್ದರೆ ಅದೂ ಕೈತಪ್ಪುತ್ತದೆ. ಈ ಲೆಕ್ಕ ಸೇರುವಾಗಲೇ ಗೊತ್ತಿದ್ದರೆ ಅವಳು ಮೊದಲ ಇಂಟರ್ನಲ್ ಪರೀಕ್ಷೆಯಲ್ಲೇ ಎಚ್ಚೆತ್ತು ಯಾರನ್ನಾದರೂ ಸಹಾಯ ಕೇಳುತ್ತಿದ್ದಳು.

ನಾಲ್ಕನೆಯದು ಒಟ್ಟು ಅವಧಿ. ಕೋರ್ಸ್ ಮುಗಿಸಲು ಗರಿಷ್ಠ ಇಷ್ಟು ವರ್ಷ ಎಂಬ ಮಿತಿ ಇರುತ್ತದೆ. ಕೋರ್ಸ್ ಅವಧಿಯ ಎರಡು ಪಟ್ಟು ಎಂಬುದು ಹಲವು ಕಡೆ ಇರುವ ನಿಯಮ. ಅದು ದಾಟಿದರೆ ಪಾಸು ಮಾಡಿದ ವಿಷಯಗಳೂ ಕೈಗೆ ಬರುವುದಿಲ್ಲ.

ಕೊನೆಯದು ಇಂಟರ್ನ್‌ಶಿಪ್. ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಹಲವು ಅಲೈಡ್ ಹೆಲ್ತ್ ಬಿಎಸ್ಸಿಗಳು ಮೂರು ವರ್ಷದ ಓದು, ಅದರ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್ ಎಂಬ ವಿನ್ಯಾಸದವು. ಏಜೆಂಟರು "ಮೂರು ವರ್ಷದ ಕೋರ್ಸ್" ಎಂದಷ್ಟೇ ಹೇಳುವುದುಂಟು. ಇಂಟರ್ನ್‌ಶಿಪ್ ಮುಗಿಸದೆ ಪದವಿ ಕೈಗೆ ಬರುವುದಿಲ್ಲ. ಮೂರನೇ ವರ್ಷದ ಅಂಕಪಟ್ಟಿ ಹಿಡಿದು ಕೆಲಸಕ್ಕೆ ಸೇರಿ, ಇಂಟರ್ನ್‌ಶಿಪ್ ಆಮೇಲೆ ನೋಡಿಕೊಂಡರಾಯಿತು ಎಂದವರ ಓದು ಅರ್ಧದಲ್ಲೇ ನಿಲ್ಲುತ್ತದೆ.

ಇಷ್ಟೊಂದು ಬಿಗಿ ಯಾಕೆ?

ಇವರೇನು ಡಾಕ್ಟರಲ್ಲವಲ್ಲ, ಪ್ರಾಕ್ಟಿಕಲ್‌ಗೆ ಇಷ್ಟೊಂದು ಪಟ್ಟು ಯಾಕೆ ಎಂಬ ಪ್ರಶ್ನೆ ಸಹಜ. ಎರಡು ಉದಾಹರಣೆ ಕೊಡುತ್ತೇವೆ. ಎರಡೂ ಪುಸ್ತಕ ಓದಿದರೆ ಗೊತ್ತಾಗುವಂಥವೇ. ಆದರೆ ಕೈ ಪಳಗದಿದ್ದರೆ ಮಾಡಲು ಬರುವುದಿಲ್ಲ.

ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಎಂದು ನೋಡುವ ಪರೀಕ್ಷೆ ದಿನನಿತ್ಯದ್ದು. ಇದರ ಸಹಜ ಪ್ರಮಾಣ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್. ಹೆಚ್ಚಾದರೆ ಹೃದಯದ ಬಡಿತವೇ ಏರುಪೇರಾಗಬಹುದು, ಹಾಗಾಗಿ ವೈದ್ಯರು ತಕ್ಷಣ ಚಿಕಿತ್ಸೆಗೆ ಇಳಿಯುತ್ತಾರೆ. ಆದರೆ ಕೆಂಪು ರಕ್ತಕಣಗಳ ಒಳಗೆ ಪೊಟ್ಯಾಸಿಯಂ ಹೊರಗಿನದಕ್ಕಿಂತ 20 ಪಟ್ಟಿಗೂ ಹೆಚ್ಚು ಇರುತ್ತದೆ. ರಕ್ತ ಎಳೆಯುವಾಗ ಸಿರಿಂಜನ್ನು ಜೋರಾಗಿ ಎಳೆದರೆ, ಟ್ಯೂಬನ್ನು ಕುಲುಕಿದರೆ ಕಣಗಳು ಒಡೆದು ಆ ಪೊಟ್ಯಾಸಿಯಂ ಹೊರಗೆ ಬರುತ್ತದೆ. ರೋಗಿಗೆ ಏನೂ ಆಗಿರುವುದಿಲ್ಲ, ರಿಪೋರ್ಟ್ ಮಾತ್ರ ಗಾಬರಿ ಹುಟ್ಟಿಸುತ್ತದೆ. ಇನ್ನೊಂದು ತಪ್ಪೂ ಇದೆ. ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಹಾಕುವ ಇಡಿಟಿಎ ರಾಸಾಯನಿಕದಲ್ಲೇ ಪೊಟ್ಯಾಸಿಯಂ ಇರುತ್ತದೆ, ಅದು ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ ಟ್ಯೂಬಿನ ರಕ್ತವನ್ನು ಬೇರೆ ಟ್ಯೂಬಿಗೆ ಸುರಿದರೆ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಕ್ಯಾಲ್ಸಿಯಂ ಸುಳ್ಳಾಗಿ ಇಳಿಯುತ್ತದೆ. ಯಾವ ಟ್ಯೂಬ್ ಮೊದಲು, ಯಾವುದು ನಂತರ ಎಂಬ ಕ್ರಮ ಕೈಗೆ ಅಭ್ಯಾಸವಾಗುವುದು ಪ್ರಾಕ್ಟಿಕಲ್‌ಗಳಲ್ಲಿ.

ಡಯಾಲಿಸಿಸ್ ನೋಡಿ. ಯಂತ್ರದಲ್ಲಿ ನಿಮಿಷಕ್ಕೆ ಸುಮಾರು 500 ಮಿಲಿಲೀಟರ್ ದ್ರವ ಹರಿಯುತ್ತದೆ. ನಾಲ್ಕು ಗಂಟೆಗೆ ಲೆಕ್ಕ ಹಾಕಿದರೆ 120 ಲೀಟರ್. ದಿನಕ್ಕೆ ಎರಡು ಲೀಟರ್ ನೀರು ಕುಡಿಯುವವರಿಗೆ ಇದು ಎರಡು ತಿಂಗಳ ನೀರು. ಒಂದೇ ಕೂರಿಕೆಯಲ್ಲಿ ಅಷ್ಟು ದ್ರವ, ಒಂದು ತೆಳು ಪೊರೆಯ ಆಚೆ, ರೋಗಿಯ ರಕ್ತದ ಪಕ್ಕದಲ್ಲೇ ಹಾದುಹೋಗುತ್ತದೆ. ನಲ್ಲಿ ನೀರಿಗೆ ಕ್ರಿಮಿನಾಶಕವಾಗಿ ಹಾಕುವ ಕ್ಲೋರಿನ್ ಅಂಶ ಅದರಲ್ಲಿ ಉಳಿದಿದ್ದರೆ ರೋಗಿಯ ಕೆಂಪು ರಕ್ತಕಣಗಳು ಒಡೆಯುತ್ತವೆ. ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ಆ ನೀರು ಸರಿಯಿದೆಯೇ ಎಂದು ಪರೀಕ್ಷಿಸುವುದು ಡಯಾಲಿಸಿಸ್ ಟೆಕ್ನಾಲಜಿಸ್ಟ್‌ನ ಕೆಲಸ. ನಮ್ಮ ಅಪ್ಪನೋ ಅಮ್ಮನೋ ಆ ಕುರ್ಚಿಯಲ್ಲಿ ಕೂತಿದ್ದರೆ, ಯಂತ್ರದ ಪಕ್ಕ ನಿಂತವರು ಶೇ. 67ರಷ್ಟು ಪ್ರಾಕ್ಟಿಕಲ್ ಮುಗಿಸಿದವರು ಎಂದರೆ ನಾವು ಒಪ್ಪುತ್ತೇವೆಯೇ?

ಮೂರನೆಯ ಬಾಗಿಲು: ರಿಜಿಸ್ಟರ್‌ನಲ್ಲಿ ಹೆಸರು

ವೈದ್ಯರು, ದಂತವೈದ್ಯರು, ನರ್ಸ್‌ಗಳು, ಫಾರ್ಮಸಿಸ್ಟರಿಗೆ ದಶಕಗಳಿಂದ ಕೌನ್ಸಿಲ್‌ಗಳಿವೆ. ಲ್ಯಾಬ್, ಇಮೇಜಿಂಗ್, ಡಯಾಲಿಸಿಸ್ ಮುಂತಾದವರಿಗೆ ರಾಷ್ಟ್ರಮಟ್ಟದಲ್ಲಿ ಅಂಥ ಕಾನೂನು ಬಂದದ್ದು 2021ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಸಂಸತ್ತು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ವೃತ್ತಿಗಳನ್ನು ಅದು ಹತ್ತು ಗುಂಪುಗಳಾಗಿ ವಿಂಗಡಿಸಿದೆ. ರಾಜ್ಯಗಳಲ್ಲಿ ಕೌನ್ಸಿಲ್, ರಾಜ್ಯಕ್ಕೂ ದೇಶಕ್ಕೂ ವೃತ್ತಿಪರರ ರಿಜಿಸ್ಟರ್ ಇರಬೇಕು ಎನ್ನುತ್ತದೆ. ಶ್ರವಣ ಮತ್ತು ವಾಕ್ ಚಿಕಿತ್ಸೆಯಂಥ ಕೆಲವು ವೃತ್ತಿಗಳಿಗೆ ಮೊದಲಿನಿಂದಲೂ ಬೇರೆಯೇ ಸಂಸ್ಥೆ ಇದೆ. ಅವರ ನೋಂದಣಿ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ.

ಕಾಯ್ದೆಯಲ್ಲಿ ಎರಡು ಲೆಕ್ಕಗಳಿವೆ, ಪೋಷಕರು ಇವನ್ನು ನೆನಪಿಡಬೇಕು. ಅಲೈಡ್ ಹೆಲ್ತ್ ವೃತ್ತಿಪರರಿಗೆ ಎರಡರಿಂದ ನಾಲ್ಕು ವರ್ಷದಲ್ಲಿ ಹರಡಿದ ಕನಿಷ್ಠ 2,000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ ಇರಬೇಕು. ಹೆಲ್ತ್‌ಕೇರ್ ವೃತ್ತಿಪರರು ಎನಿಸಿಕೊಳ್ಳಲು ಮೂರರಿಂದ ಆರು ವರ್ಷದಲ್ಲಿ ಹರಡಿದ ಕನಿಷ್ಠ 3,600 ಗಂಟೆಗಳ ಪದವಿ ಬೇಕು. ಈ ಮಾನದಂಡದ ಮುಂದೆ ಆರು ತಿಂಗಳ ಕೋರ್ಸ್, ವಾರಾಂತ್ಯದ ಕೋರ್ಸ್, ಮನೆಯಲ್ಲೇ ಕೂತು ಮುಗಿಸುವ ಕೋರ್ಸ್ ಯಾವುದೂ ನಿಲ್ಲುವುದಿಲ್ಲ. ಎರಡನೆಯ ಬಾಗಿಲಲ್ಲಿ ನೋಡಿದ ಹಾಜರಾತಿ ಮತ್ತು ಇಂಟರ್ನ್‌ಶಿಪ್‌ಗಳ ತೂಕ ಇಲ್ಲಿ ಗೊತ್ತಾಗುತ್ತದೆ. ಗಂಟೆಗಳು ತುಂಬುವುದೇ ಅವುಗಳಿಂದ.

ನೋಂದಣಿಯ ಜೊತೆಗೆ ಇನ್ನೊಂದು ಭ್ರಮೆಯನ್ನೂ ಇಲ್ಲೇ ಬಿಡಿಸಬೇಕು. "ಬಿಎಸ್ಸಿ ಎಂಎಲ್‌ಟಿ ಮಾಡಿ, ಸ್ವಂತ ಲ್ಯಾಬ್ ಇಟ್ಟು ರಿಪೋರ್ಟ್‌ಗೆ ನೀವೇ ಸಹಿ ಹಾಕಿ" ಎಂಬ ಆಸೆ ಹುಟ್ಟಿಸುವ ಸಂದೇಶಗಳಿವೆ. ಗುಜರಾತಿನ ಲ್ಯಾಬ್‌ಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ, ಲ್ಯಾಬ್ ರಿಪೋರ್ಟ್‌ಗೆ ಸಹಿ ಹಾಕಬೇಕಾದವರು ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರು ಎಂಬ ನಿಲುವನ್ನು ಒಪ್ಪಿತು. ಆ ಮೇಲೆ ಕೇಂದ್ರದ ನಿಯಮಗಳಲ್ಲಿ ಒಂದಷ್ಟು ಬದಲಾವಣೆಗಳಾಗಿವೆ. ಆದರೆ ಬಿಎಸ್ಸಿ ಪದವಿಯೊಂದರಿಂದಲೇ ಆ ಅಧಿಕಾರ ಬರುತ್ತದೆ ಎಂದು ಅವು ಹೇಳಿಲ್ಲ. ಕರ್ನಾಟಕದಲ್ಲಿ ಖಾಸಗಿ ಲ್ಯಾಬ್ ತೆರೆಯಲು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಅಡಿ ನೋಂದಣಿಯೂ ಬೇಕು. ಪರೀಕ್ಷೆ ನಡೆಸುವ, ಗುಣಮಟ್ಟ ಕಾಯುವ, ಲ್ಯಾಬನ್ನು ನಿಭಾಯಿಸುವ ಕೆಲಸ ಟೆಕ್ನಾಲಜಿಸ್ಟ್‌ರದ್ದು. ಅದು ಗೌರವದ ಕೆಲಸ. ಅದಕ್ಕೆ ಇಲ್ಲದ ಅಧಿಕಾರವನ್ನು ಅಂಟಿಸಿ ಮಾರುವುದು ತಪ್ಪು.

ಗಲ್ಫ್ ಅಥವಾ ಬ್ರಿಟನ್‌ಗೆ ಹೋಗುವ ಆಲೋಚನೆ ಇದ್ದರೆ ಮೂರನೆಯ ಬಾಗಿಲು ಇನ್ನೂ ಗಟ್ಟಿ. ಗಲ್ಫ್ ದೇಶಗಳ ಆರೋಗ್ಯ ಇಲಾಖೆಗಳು ಪ್ರಮಾಣಪತ್ರವನ್ನು ಅದನ್ನು ಕೊಟ್ಟ ಸಂಸ್ಥೆಗೇ ಬರೆದು ಪರಿಶೀಲಿಸುತ್ತವೆ. ಬ್ರಿಟನ್‌ನಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್, ರೇಡಿಯೋಗ್ರಾಫರ್, ಫಿಸಿಯೋಥೆರಪಿಸ್ಟ್ ಎಂದು ಹೇಳಿಕೊಳ್ಳಲು ಅಲ್ಲಿನ ಹೆಲ್ತ್ ಆಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ನಲ್ಲಿ ಹೆಸರಿರಬೇಕು. ಅಲ್ಲಿ ಯಾರ ಶಿಫಾರಸೂ ನಡೆಯುವುದಿಲ್ಲ.

ಹಣ ಕಟ್ಟುವ ಮೊದಲು

ಪ್ರವೇಶದ ಸಮಯದಲ್ಲಿ ಎಲ್ಲರೂ ಅವಸರದಲ್ಲಿರುತ್ತಾರೆ. "ನಾಳೆ ಬಂದರೆ ಸೀಟಿಲ್ಲ" ಎಂಬ ಮಾತಿಗೆ ಹೆದರಿ ಅದೇ ದಿನ ಅಡ್ವಾನ್ಸ್ ಕಳಿಸುತ್ತಾರೆ. ಆ ಒಂದು ದಿನ ತಡೆದು ಈ ಕೆಲಸಗಳನ್ನು ಮಾಡಿ.

ಪದವಿ ಕೊಡುವವರು ಯಾರು ಎಂದು ಕೇಳಿ. ಕಾಲೇಜಿನ ಹೆಸರಲ್ಲ, ವಿಶ್ವವಿದ್ಯಾಲಯದ ಹೆಸರು. 1956ರ ಯುಜಿಸಿ ಕಾಯ್ದೆಯ ಪ್ರಕಾರ ಕಾನೂನಿನಿಂದ ಸ್ಥಾಪಿತವಾದ ಅಥವಾ ಡೀಮ್ಡ್ ಎಂದು ಘೋಷಿತವಾದ ವಿಶ್ವವಿದ್ಯಾಲಯಗಳು ಮತ್ತು ಸಂಸತ್ತು ವಿಶೇಷ ಅಧಿಕಾರ ಕೊಟ್ಟ ಸಂಸ್ಥೆಗಳು ಮಾತ್ರ ಪದವಿ ಕೊಡಬಹುದು. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ.

ಆ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಕಾಲೇಜಿನ ಹೆಸರು ಇದೆಯೇ, ನೀವು ಸೇರುವ ಕೋರ್ಸಿಗೇ ಈ ವರ್ಷ ಅನುಮತಿ ಇದೆಯೇ ನೋಡಿ. ಒಂದು ಕಾಲೇಜಿಗೆ ಲ್ಯಾಬ್ ಕೋರ್ಸಿಗೆ ಅನುಮತಿ ಇದ್ದು ಡಯಾಲಿಸಿಸ್‌ಗೆ ಇಲ್ಲದಿರಬಹುದು.

ಕೋರ್ಸಿನ ನಿಯಮಾವಳಿಯನ್ನು ಕೇಳಿ ಪಡೆಯಿರಿ. ಆರ್ಡಿನೆನ್ಸ್ ಅಥವಾ ರೆಗ್ಯುಲೇಷನ್ ಎಂಬ ಹೆಸರಿನ ಪಿಡಿಎಫ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಇರುತ್ತದೆ. ಅದರಲ್ಲಿ ಐದು ಸಂಗತಿ ಹುಡುಕಿ: ಅರ್ಹತೆ, ಹಾಜರಾತಿ, ಪಾಸ್ ಮಾರ್ಕು, ಕ್ಯಾರಿ ಓವರ್, ಗರಿಷ್ಠ ಅವಧಿ. ಇಂಗ್ಲಿಷ್ ಕಷ್ಟವಾದರೆ ಊರಿನ ಮೇಷ್ಟ್ರ ಹತ್ತಿರ ಕೂತು ಓದಿಸಿ. ಅರ್ಧ ಗಂಟೆಯ ಕೆಲಸ.

ಪ್ರಾಕ್ಟಿಕಲ್ ಮತ್ತು ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ ಎಂದು ಕೇಳಿ, ಸಾಧ್ಯವಾದರೆ ಒಮ್ಮೆ ಹೋಗಿ ನೋಡಿ. ರೋಗಿಗಳಿಲ್ಲದ ಆಸ್ಪತ್ರೆಯಲ್ಲಿ ಕಲಿಯುವುದು ನೀರಿಲ್ಲದ ಕೆರೆಯಲ್ಲಿ ಈಜು ಕಲಿತಂತೆ.

ಹಣ ಕಟ್ಟಿದರೆ ಕಾಲೇಜಿನ ಹೆಸರಿನ ರಸೀದಿ ಪಡೆಯಿರಿ. ಯಾರದೋ ಮೊಬೈಲ್ ನಂಬರಿಗೆ ಯುಪಿಐ ಮಾಡಿದ ಸ್ಕ್ರೀನ್‌ಶಾಟ್ ರಸೀದಿಯಲ್ಲ. ಸೇರಿದ ಮೇಲೆ ಬಿಡಬೇಕಾಗಿ ಬಂದರೆ ಏನು ಎಂಬುದೂ ಗೊತ್ತಿರಲಿ. ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಮೂಲ ಅಂಕಪಟ್ಟಿಗಳನ್ನು ಕಾಲೇಜು ಪರಿಶೀಲಿಸಿ ವಾಪಸ್ ಕೊಡಬೇಕು, ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ ಫೀಸು, ಅದರ ನಂತರ ಕೊನೆಯ ದಿನದೊಳಗೆ ಬಿಟ್ಟರೆ ಶೇ. 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 15ರಿಂದ 30 ದಿನದೊಳಗೆ ಶೇ. 50 ವಾಪಸ್ ಎಂದು ಆ ಅಧಿಸೂಚನೆ ಹೇಳಿತು. 30 ದಿನ ದಾಟಿದರೆ ಏನೂ ಇಲ್ಲ. ಅನುಮಾನ ಬಂದರೆ ಬೇಗ ತೀರ್ಮಾನಿಸುವುದು ಒಳ್ಳೆಯದು ಎನ್ನುವುದು ಇದಕ್ಕೇ.

ಫಾರ್ವರ್ಡ್ ಮಾಡುವ ಮುಂಚೆ

ಅಲೈಡ್ ಹೆಲ್ತ್ ಓದುವುದು ಬೇಡ ಎಂದು ನಾವು ಹೇಳುತ್ತಿಲ್ಲ. ಲ್ಯಾಬ್, ಸ್ಕ್ಯಾನಿಂಗ್, ಡಯಾಲಿಸಿಸ್ ಇಲ್ಲದೆ ಇಂದು ಯಾವ ಆಸ್ಪತ್ರೆಯೂ ನಡೆಯುವುದಿಲ್ಲ. ಎಂಬಿಬಿಎಸ್ ಸಿಗಲಿಲ್ಲ ಎಂಬ ಬೇಸರದಲ್ಲಿರುವ ಮಕ್ಕಳಿಗೆ ಇದು ಎರಡನೇ ದರ್ಜೆಯ ದಾರಿ ಎಂದೂ ಅನಿಸಬೇಕಿಲ್ಲ. ಇದಕ್ಕೆ ಇದರದೇ ಆದ ವಿದ್ಯೆ, ಕೌಶಲ, ಹೊಣೆ ಇದೆ. ನಿಯಮಗಳು ಬಿಗಿಯಾಗಿರುವುದೇ ಈ ಕೆಲಸಕ್ಕೆ ಬೆಲೆ ಇದೆ ಎಂಬುದಕ್ಕೆ ಸಾಕ್ಷಿ.

ಮುಂದಿನ ಸಲ ಇಂಥ ಸಂದೇಶ ಬಂದಾಗ ಕಳಿಸಿದವರನ್ನು ಒಂದೇ ಪ್ರಶ್ನೆ ಕೇಳಿ: "ಈ ಕೋರ್ಸ್ ಮುಗಿಸಿದವರ ಹೆಸರು ಯಾವ ರಿಜಿಸ್ಟರ್‌ನಲ್ಲಿ ದಾಖಲಾಗುತ್ತದೆ?" ಪ್ರಾಮಾಣಿಕ ಕಾಲೇಜಿಗೆ ಇದಕ್ಕೆ ಉತ್ತರ ಗೊತ್ತಿರುತ್ತದೆ. ಉತ್ತರ ಬಾರದೆ "ಸೀಟು ಖಾಲಿಯಾಗುತ್ತಿದೆ, ಬೇಗ ಬನ್ನಿ" ಎಂಬ ಮಾತು ಬಂದರೆ, ನೀವು ಅದನ್ನು ಫಾರ್ವರ್ಡ್ ಮಾಡದೆ ಇದ್ದುದರಿಂದ ಯಾವುದೋ ಒಂದು ಮನೆಯ ಹಣ ಮತ್ತು ಒಂದು ಮಗುವಿನ ಮೂರು ವರ್ಷ ಉಳಿಯುತ್ತದೆ.